ಗಾಳಿ ಹುಡುಕುವ ಪಾಠ

ವೇಲ್ಸಿನ ಕಣಿವೆ. ಗಣಿ ಮುಚ್ಚಿ ನಲವತ್ತು ವರ್ಷ.
ಕಾರ್ಮಿಕರು ವಾರಕ್ಕೊಂದು ಪೆನ್ನಿ ಕೂಡಿಸಿ ಕಟ್ಟಿದ ಸಭಾಭವನ
ಈಗಲೂ ಕೆಮ್ಮುತ್ತದೆ, ಕಿಟಕಿ ಕಿಟಕಿಯಲ್ಲೂ.

ಕಲಿಯಲು ಬಂದ ಆರು ಜನರಲ್ಲಿ ಲೋವ್ರಿ ಕಿರಿಯಳು.
ಕೈಯಲ್ಲಿ ಹೊಗೆಕಡ್ಡಿ.
"ಗೋಡೆಗುಂಟ ನಡಿ, ಮೆಲ್ಲಗೆ," ಅಂದ ಗ್ವಿಲಿಮ್,
"ಹೊಗೆ ಎಲ್ಲಿ ಬೆಚ್ಚುತ್ತದೋ ಅಲ್ಲೊಂದು ಗೀಟೆಳಿ."
ಹೊಗೆ ನೆಟ್ಟಗೆ ಏರಿತು, ಏರಿತು,
ವೇದಿಕೆಯ ಎಡಕ್ಕೆ ಬಂದದ್ದೇ
ಕಪಾಳಕ್ಕೆ ಹೊಡೆದ ಹಾಗೆ ಹಿಂದಕ್ಕೆ ವಾಲಿತು.

ಹಲಗೆ ಬಿಚ್ಚಿದಳು. ಒಳಗೆ
ಮಸಿ, ಇಲಿಹಿಕ್ಕೆ, ಮತ್ತೆ ಯಾರೋ ಉಂಡೆಮಾಡಿ
ಒತ್ತೊತ್ತಿ ತುರುಕಿದ ಪತ್ರಿಕೆ:
ಫುಟ್‌ಬಾಲ್ ಗೋಲುಗಳು, ಮುಷ್ಕರದ ಮೂರನೇ ವಾರ,
ಅಂಚಿನಲ್ಲಿ ಕಲ್ಲಿದ್ದಲ ಹೆಬ್ಬೆಟ್ಟು.

ಅದರ ಮೇಲೆ ತನ್ನದನ್ನಿಟ್ಟು ನೋಡಿದಳು.
ಅವನದು ದೊಡ್ಡದು.
"ಇವನಿಗೂ ಚಳಿಯಾಗಿತ್ತು," ಅಂದಳು.
"ಕೆಲಸ ಮಾತ್ರ ಅರೆಬರೆ," ಅಂದ ಗ್ವಿಲಿಮ್.

ಮಧ್ಯಾಹ್ನದ ತನಕ ಉಣ್ಣೆ ತುಂಬಿದರು,
ಪಕ್ಕದ ಗುಡ್ಡದ್ದೇ; ಇನ್ನೂ ಕುರಿಯ ವಾಸನೆ.
ತಲೆಗೂದಲಲ್ಲೆಲ್ಲ ಎಳೆ ಸಿಕ್ಕಿಸಿಕೊಂಡ ಲೋವ್ರಿ
ಹಲಗೆ ಮುಚ್ಚುವ ಮೊದಲು
ಆ ಹಾಳೆಯನ್ನು ಮಡಿಚಿ ವಾಪಸ್ಸು ಒಳಗಿಟ್ಟಳು.
ನಿಯಮದ ಪುಸ್ತಕದಲ್ಲಿ ಅದಕ್ಕೆ ಜಾಗವಿಲ್ಲ.
ಗ್ವಿಲಿಮ್ ಆ ಹೊತ್ತಿಗೆ
ಮೊಳೆ ಎಣಿಸುತ್ತಿದ್ದ.