ಮುಕ್ಕಾಲು ಸುತ್ತು

ಯುದ್ಧ ಬರಲೇ ಇಲ್ಲ.
ಹದಿನಾಲ್ಕು ತಿಂಗಳು ಕಾದೆವು ಲ್ಯೂನೆಬುರ್ಗಿನ ಬಯಲಲ್ಲಿ,
ಪೂರ್ವಕ್ಕೆ ಮೂತಿ ಮಾಡಿ ನಿಂತ ಉಕ್ಕಿನ ಗಾಡಿಯೊಳಗೆ
ಹತ್ತು ಜನ, ಮೊಣಕಾಲಿಗೆ ಮೊಣಕಾಲು ತಾಗಿಸಿ.
ಡೀಸೆಲ್ಲು, ಒದ್ದೆ ಉಣ್ಣೆ, ಬಟಾಣಿ ಸೂಪು,
ಯಾರದೋ ಕಾಲುಚೀಲ.
ಈಗಲೂ ಬಂಕಿನಲ್ಲಿ ಲಾರಿಯೊಂದು ಕೆಮ್ಮಿದರೆ
ಮೂಗು ನನಗಿಂತ ಮೊದಲೇ ಅಲ್ಲಿ ಹೋಗಿ ಕೂತಿರುತ್ತದೆ.

ನಾನು ಚಾಲಕ. ನನ್ನ ಪಾಲಿಗೆ ಪ್ರಪಂಚವೆಂದರೆ
ಅಂಗೈಯಗಲದ ಗಾಜು, ಅದರಾಚೆ ಕೆಸರು.
ಬೀಟ್‌ರೂಟಿನ ಹೊಲ ತುಳಿದದ್ದಕ್ಕೆ ಜರ್ಮನ್ ಮುದುಕಿಯೊಬ್ಬಳು
ಪರಿಹಾರದ ಅರ್ಜಿ ತಂದು, ಸಹಿ ಹಾಕಿಸಿಕೊಂಡು,
ಹೋಗುವಾಗ ನಾಲ್ಕು ಸೇಬು ಕೊಟ್ಟುಹೋದಳು.
ನಾವು ಗೆದ್ದ ನೆಲ ಅಷ್ಟೇ.

ಗಾಡಿಯ ಪಕ್ಕ ಯಾರೂ ಮಲಗಬಾರದು. ನಿಯಮ.
ಎಂಜಿನ್ ಹಚ್ಚುವ ಮೊದಲು ಚಾಲಕ ಟಾರ್ಚು ಹಿಡಿದು
ಪೂರ್ತಿ ಒಂದು ಸುತ್ತು ಬರಬೇಕು. ಅದೂ ನಿಯಮ.

ಅಕ್ಟೋಬರಿನ ಒಂದು ರಾತ್ರಿ, ಮೂರು ಗಂಟೆಗೆ, ಹೊರಡಿ ಎಂದರು.
ಅಡ್ಡಮಳೆ.
ಮುಂದೆ ನೋಡಿದೆ, ಎಡಕ್ಕೆ ನೋಡಿದೆ, ಹಿಂದೆ ನೋಡಿದೆ.
ಬಲಕ್ಕೆ ಗಾಳಿಯಿತ್ತು.
ಹತ್ತಿ ಕೂತೆ.

ಹದಿಮೂರು ಟನ್ನು ಹೊರಳುವಾಗ
ಒಳಗಿದ್ದವನಿಗೆ ಏನೂ ತಿಳಿಯುವುದಿಲ್ಲ.
ಏನೂ.

ಬೆಳಗಾದ ಮೇಲೆ ಹಿಂದಿನ ಗಾಡಿಯವರು ತಂದರು
ವೊಬ್ಬೆಯ ಮಲಗುಚೀಲ. ನೆಲಕ್ಕೆ ಹೊಲಿದ ಹಾಗಿತ್ತಂತೆ.
ತಗಡಾದ ಲೋಟ, ಹಲ್ಲು ಉದುರಿದ ಜಿಪ್ಪು.
ವೊಬ್ಬೆ ಆ ಹೊತ್ತಿಗೆ
ಪೈನ್ ಮರದ ಬುಡದಲ್ಲಿ ಉಚ್ಚೆ ಹೊಯ್ಯುತ್ತಿದ್ದ.

"ಪದಕ ಕೊಡೋದಾದರೆ ನನ್ನ ಮೂತ್ರಕೋಶಕ್ಕೆ ಕೊಡಿ"
ಎಂದು ನಲವತ್ತು ವರ್ಷ, ಪ್ರತಿ ಕೂಟದಲ್ಲೂ,
ಮೀಸೆಯ ಬಿಯರ್ ನೊರೆ ಒರೆಸಿಕೊಳ್ಳುತ್ತ ಹೇಳಿದ.
ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ.
ಆಮೇಲೆ ನನ್ನ ಭುಜ ತಟ್ಟಿ:
"ನೀನು ಸುತ್ತು ಬಂದೇ ಬಂದಿರ್ತೀಯ ಯೆಲ್ಟೆ,
ಕತ್ತಲಿಗೆ ಯಾರೇನು ಮಾಡೋಕಾಗುತ್ತೆ?"
ಹೂಂ ಎಂದೆ. ಪ್ರತಿ ಸಲವೂ ಹೂಂ.

ಕಳೆದ ಮಾರ್ಚಿನಲ್ಲಿ ವೊಬ್ಬೆ ಸತ್ತ,
ಹಾಸಿಗೆಯಲ್ಲಿ, ಕಿಡ್ನಿ ಕೈಕೊಟ್ಟು.
ಫ್ರಿಸ್‌ಲಾಂಡಿನ ನಮ್ಮ ಹಳ್ಳಿಯಲ್ಲಿ ಇನ್ನೂ
ಶವಪೆಟ್ಟಿಗೆ ಹೊತ್ತು ಚರ್ಚಿಗೆ ಮೂರು ಸುತ್ತು ಬರುತ್ತಾರೆ.
ಬಲಬದಿಯ ಹಿಡಿಯನ್ನೇ ಕೇಳಿ ಪಡೆದೆ.
ಮೂರನೆಯ ಸುತ್ತಿನ ಕೊನೆಯ ಮೂಲೆಯಲ್ಲಿ
ಮಂಡಿ ಕುಸಿಯಿತು.
"ಬಿಡಿ ಅಜ್ಜ, ನಾನು ಹಿಡೀತೀನಿ" ಎಂದ ಅವನ ಮೊಮ್ಮಗ.

ಇನ್ನು ಕಾಲು ಸುತ್ತಷ್ಟೇ ಮಗು, ಎಂದೆ.

ಆ ಬದಿಯಲ್ಲೇ ಗಾಳಿಯಿತ್ತು.