ಎಂಟನೇ ಲೇನು

ಬೆಳಗಿನ ಐದೂವರೆಗೆ ಶಿವಮೊಗ್ಗದ ಮೈದಾನದಲ್ಲಿ
ನಾನು, ಒಂದು ಚೀಲ ಸುಣ್ಣ, ಮೂವತ್ತಾರೂವರೆ ಮೀಟರ್ ಹಗ್ಗ,
ಎರಡು ತಿರುವಿಗೆ ಎರಡು ಗೂಟ.
ಇಪ್ಪತ್ತಾರು ವರ್ಷ ಇವುಗಳ ಸುತ್ತ ತಿರುಗಿದ್ದೇನೆ,
ಯಾರೂ ನನ್ನ ಟೈಮ್ ಬರೆದುಕೊಂಡಿಲ್ಲ.

ಒಂಬತ್ತಕ್ಕೆ ಬಸ್ಸುಗಳು. ಸೊರಬ, ಹೊಸನಗರ, ಶಿಕಾರಿಪುರ.
ನಾನೂರು ಮೀಟರಿಗೆ ಎಂಟು ಹುಡುಗಿಯರು
ನನ್ನ ಗೆರೆಗಳ ಮೇಲೆ ಬಂದು ನಿಂತರೆ
ಮೊದಲು ಶುರುವಾಗುವುದು ಓಟವಲ್ಲ, ತಕರಾರು.

"ಅವಳು ಅಷ್ಟು ಮುಂದೆ ಯಾಕೆ?"
ಒಂದನೇ ಲೇನಿನವಳ ಕಾಲಲ್ಲಿ ಮುಳ್ಳಿನ ಶೂ,
ಅವಳಪ್ಪನ ಕೈಯಲ್ಲಿ ಗ್ಲೂಕೋಸು, ದನಿಯಲ್ಲಿ ಕಾನೂನು:
"ಎಲ್ಲರಿಗೂ ಒಂದೇ ಗೆರೆ ಹಾಕ್ರೀ, ಸಮಾನತೆ ಅಂದ್ರೆ ಅದು."
ಹಗ್ಗ ತೋರಿಸಿದೆ. ಹೊರಗಿನ ಸುತ್ತು ದೊಡ್ಡದು ಸ್ವಾಮಿ,
ಒಂದೇ ಗೆರೆಯಿಂದ ಬಿಟ್ಟರೆ ಎಂಟನೆಯವಳು
ಐವತ್ತಮೂರು ಮೀಟರ್ ಸಾಲ ತೀರಿಸಿ ಆಮೇಲೆ ಓಡಬೇಕು.
ಲೆಕ್ಕ ಅರ್ಥವಾಯಿತು. ಮುಖ ಮಾತ್ರ ಬಿಗಿದೇ ಇತ್ತು.
ಕಣ್ಣಿಗೆ ಮುಂದೆ ಕಂಡವಳು ಮುಂದೆಯೇ.

ಎಂಟನೆಯವಳು ಶೋಭಿತಾ. ತುಮರಿ ಕಡೆಯವಳು.
ನಿನ್ನೆ ಲಾಂಚ್ ದಾಟಿ ಬಂದು
ಯಾವುದೋ ಹಾಸ್ಟೆಲಿನ ವರಾಂಡದಲ್ಲಿ ಮಲಗಿ ಎದ್ದವಳು, ಬರಿಗಾಲು.
ಅವಳದ್ದೂ ತಕರಾರೇ, ಮೆಲ್ಲಗೆ:
"ಸೋಮ್ಲಣ್ಣಾ, ಇಲ್ಲಿ ನಿಂತ್ರೆ ನಂಗೆ ಯಾರೂ ಕಾಣಲ್ಲ.
ಯಾರನ್ನ ನೋಡಿ ಓಡ್ಲಿ?"

ಅದಕ್ಕೆ ಹಗ್ಗದಲ್ಲಿ ಉತ್ತರ ಇರಲಿಲ್ಲ.

ನಾನು ಸರಿ ಮಾಡಬಲ್ಲದ್ದು ನೆಲದ ವಕ್ರ ಒಂದನ್ನೇ.
ಮುಳ್ಳಿನ ಶೂಗೆ ಎಷ್ಟು ಮೀಟರ್, ವರಾಂಡದ ಚಳಿಗೆ ಎಷ್ಟು,
ಅಜ್ಜನ ಗದ್ದೆ ನೀರಿನಡಿ ಇರುವುದಕ್ಕೆ ಎಷ್ಟು
ಅಂತ ಕೊಡುತ್ತಾ ಹೋದರೆ
ಅವಳ ಗೆರೆ ಗೋಡೆ ಹಾರಿ ಸಾಗರ ರಸ್ತೆಗೆ ಬಿದ್ದೀತು.
ಅಷ್ಟು ಕೊಟ್ಟರೂ, ಅವಳು ತಗೊಂಡಾಳೆ?

ಪಿಸ್ತೂಲು ಢಂ ಎಂದಿತು.
ಮೊದಲ ತಿರುವಿನಲ್ಲಿ ಅವಳೊಬ್ಬಳೇ:
ಬೆನ್ನಿಗೆ ಏಳು ಉಸಿರು, ಎದುರಿಗೆ ಬರೀ ಸುಣ್ಣ.
ಅಂಥ ಓಟ ಯಾವ ಪಿ.ಟಿ. ಮೇಷ್ಟ್ರೂ ಕಲಿಸಲ್ಲ.
ಎಡಗೈ ಎದೆಗೆ ಒತ್ತಿಕೊಂಡು, ಕತ್ತು ನೆಟ್ಟಗೆ,
ತಲೆಯ ಮೇಲೊಂದು ಹುಲ್ಲುಹೊರೆ ಇದೆಯೇನೋ ಎಂಬಂತೆ.

ಕೊನೆಯ ನೇರದಲ್ಲಿ, ಒಂದೇ ಒಂದು ಗಳಿಗೆ,
ಎಂಟು ಎದೆಯೂ ಸಮ.
ನಾನು ಬೆಳಗಿನಿಂದ ಕಾಯುವುದು ಅದನ್ನೇ.
ಆಮೇಲಿನದ್ದು ಮೈಕಿನವರ ಕೆಲಸ.
ಅವರು ಹೇಳಿದರು. ಅವಳು ಮೂರನೆಯವಳು.

ಸರ್ಟಿಫಿಕೇಟಿನಲ್ಲಿ 'ಶೋಭಾ' ಅಂತ ಬರೆದಿದ್ದರು.
ಆಗ ನೋಡಿ, ಟೇಬಲ್ಲು ಗುದ್ದಿ ಜಗಳಕ್ಕೆ ನಿಂತಳು:
"ಮೂರಾದ್ರೆ ಮೂರೇ ಹಾಕಿ. ಹೆಸರು ಮಾತ್ರ ನಂದು ಹಾಕಿ."

ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದೆ. ಬೆರಳ ಸಂದಿಯ ಸುಣ್ಣ ಬಿಡಲಿಲ್ಲ.
ನಾಳೆ ಹುಡುಗರ ಓಟ.
ಗೂಟ ಕೀಳಲಿಲ್ಲ.