ಐದು ಮಾರು ಹಗ್ಗ

ಕದ್ರಾ ಕಾಡಿನ ಅಂಚಲ್ಲಿ ಹಂದಿಗೆಂದು ಇಟ್ಟ
ಉರುಲಿಗೆ ಬಿದ್ದವಳು.
ಬೈಕಿನ ಕ್ಲಚ್ ವಾಯರು ಕೊರಳ ಸುತ್ತ ಕೊರೆದ ಗೆರೆ
ಈಗಲೂ ಇದೆ, ಅಲ್ಲಿ ರೋಮ ಬರಲಿಲ್ಲ.
ಪಶು ಆಸ್ಪತ್ರೆಯ ಕಂಪೌಂಡರ್ ನನ್ನ ಮಗಳು ಶೇವಂತಿ
"ಎರಡು ದಿನಕ್ಕೆ ಮಾತ್ರ ಪಪ್ಪಾ" ಅನ್ನುತ್ತ
ಐಸ್ ಪೆಟ್ಟಿಗೆ ಸಾಗಿಸುವ ರಿಕ್ಷಾದಲ್ಲಿ
ಕೋಡಿಬಾಗಕ್ಕೆ ತಂದಿಳಿಸಿದಳು.
ಚೀಟಿಯ ತುದಿಗೆ ಕೆಂಪು ಶಾಯಿ:
ಕೋಳಿ, ಬೆಕ್ಕು, ಮೊಲ ಇರುವ ಮನೆಗೆ ಕೊಡತಕ್ಕದ್ದಲ್ಲ.
ನಮ್ಮ ಮನೆಯಲ್ಲಿ ಇರಲಿಲ್ಲ, ನಿಜ.
ಬೇಲಿಯಾಚೆ ಕಾರ್ಮಿಣ ಬಾಯಿಯ ಹನ್ನೊಂದು ಕೋಳಿ
ಯಾರ ಚೀಟಿಯಲ್ಲೂ ಇರಲಿಲ್ಲ.

ವಾರವಿಡೀ ಬೊಗಳಲಿಲ್ಲ, ಕುಂಯ್ ಎನ್ನಲಿಲ್ಲ.
ತಿಸ್ರಿ ಎಂದು ಹೆಸರಿಟ್ಟೆ,
ಬಿಸಿ ತಾಗದೆ ಬಾಯಿ ಬಿಡದ ಜಾತಿ.

ಎಂಟನೇ ದಿನ ಬಿಟ್ಟಳು.
ಮತ್ತೆ ಮುಚ್ಚುವಾಗ ನಡುವೆ
ಕಂದು ಪುಚ್ಚದ ಹೇಂಟೆ.
ಗಲಾಟೆಯಿಲ್ಲ, ಒಂದೇ ಕೊಡವು.
ಆಮೇಲೆ ತಂದು ನನ್ನ ಕಾಲ ಬುಡದಲ್ಲಿಟ್ಟು ಕೂತಳು
ಶಾಲೆಯಲ್ಲಿ ಮೊದಲ ಸಲ ಸರಿಯುತ್ತರ ಹೇಳಿದ ಹುಡುಗಿಯಂತೆ.
ಎತ್ತಿದ ನನ್ನ ಕೈ ಎತ್ತಿದಲ್ಲೇ ಉಳಿಯಿತು.
ಯಾರೋ ಈ ವಿದ್ಯೆಗೇ ಅವಳ ತಲೆ ಸವರಿದ್ದಾರೆ,
ಇದಕ್ಕೇ ಅನ್ನ ಹಾಕಿದ್ದಾರೆ.

ನೂರರ ಐದು ನೋಟು ಹಿಡಿದು ಹೋದರೆ
ಕಾರ್ಮಿಣ ಬಾಯಿ ಮೆಟ್ಟಿಲಿಂದ ಏಳಲೇ ಇಲ್ಲ.
"ದುಡ್ಡು ಮೊಟ್ಟೆ ಇಡ್ತದೇನು?
ನಲವತ್ತು ವರ್ಷ ಊರವರ ದೋಣಿಗೆಲ್ಲ ಬಲೆ ಹೆಣೆದೆ ಪುಂಡಲೀಕಾ,
ನನ್ನ ಹಿತ್ತಿಲಿಗೊಂದು ಹೆಣಿ."

ಬೈತಕೋಲ ಧಕ್ಕೆಯಲ್ಲಿ ಹರಿದು ಬಿದ್ದಿದ್ದ ಟ್ರಾಲ್ ಬಲೆ,
ಅದರ ಹೊಟ್ಟೆಯ ಸಣ್ಣ ಕಣ್ಣಿನ ಭಾಗ ಕೊಯ್ದು ತಂದು
ಮೂರು ಸಂಜೆ ಕೂತೆ.
ಹಿಡಿಯಲೆಂದು ಕಲಿತ ಗಂಟನ್ನು
ಹಿಡಿಯದಿರಲೆಂದು ಹಾಕುವಾಗ
ಬೆರಳಿಗೆ ವ್ಯತ್ಯಾಸವೇ ತಿಳಿಯಲಿಲ್ಲ.
ಆ ಬಲೆಯ ಹೊಟ್ಟೆಯಲ್ಲಿ ಎಷ್ಟು ಸತ್ತವೋ,
ನನ್ನ ಚೀಟಿಗೆ ಯಾರೂ ಕೆಂಪು ಶಾಯಿ ಹಚ್ಚಲಿಲ್ಲ.

"ಮದ್ದು ಉಂಟೇನೇ ಇದಕ್ಕೆ?"
ಶೇವಂತಿ ಬಂಗಡೆ ಸಾರಿಗೆ ಹುಳಿ ಕಿವುಚುತ್ತಿದ್ದಳು.
"ಮದ್ದು ಕೊಡಲು ಅದೇನು ಜ್ವರವೇ ಪಪ್ಪಾ?
ಅವಳ ಮೂಗು ಅದು. ಕಣ್ಣು ಅದು.
ಕುಕ್ಕೆ ಕಟ್ಟು, ಉದ್ದ ಹಗ್ಗ ಬಿಡು,
ಕರೆದಾಗ ತಿರುಗಿದರೆ ತಿನ್ನಲು ಕೊಡು.
ತಿರುಗದಿದ್ದರೆ ನಾಳೆ ಮತ್ತೆ ಕರಿ."

ಬೆಳಗಿನ ಇಳಿತ. ಕಾಳಿ ಕಡಲು ಸೇರುವಲ್ಲಿ ಒದ್ದೆ ಮರಳು.
ಒಕ್ಕಲ ಎತ್ತಿಗೆ ಕಟ್ಟುವಂಥದೇ ಕುಕ್ಕೆ ಅವಳ ಮೂತಿಗೆ,
ಎದೆಗೆ ಪಟ್ಟಿ, ಹಿಂದೆ ಐದು ಮಾರು ಹಗ್ಗ.
ಗುಳಿಯಿಂದ ಏಡಿ ಇಣುಕುವ ಮೊದಲೇ
ಮುಂಗಾಲೊಂದು ಮೇಲೆ, ಬಾಲ ಕಲ್ಲು.
ಲೋಕದಲ್ಲಿ ಆ ಗುಳಿ ಬಿಟ್ಟರೆ ಬೇರೇನೂ ಇಲ್ಲ,
ನಾನಿಲ್ಲ, ನೌಕೆಗಳಿಲ್ಲ, ಸಮುದ್ರವೇ ಇಲ್ಲ.
ನಂತರ ಎಳೆತ.

ಅಂಗೈಗೆ ಗೊತ್ತು ಅದು.
ಹತ್ತು ವರ್ಷದವನಿದ್ದಾಗ, ಅಪ್ಪನ ಪಾತಿದೋಣಿಯಲ್ಲಿ
ಗಾಳದ ದಾರ ಮೊದಲ ಸಲ ಬಿಗಿದದ್ದು ಹೀಗೇ.
ಆ ತುದಿಗೆ ಯಾವುದೋ ಜೀವ,
ಈ ತುದಿಗೆ ಉಸಿರು ಮರೆತ ನಾನು.

"ತಿಸ್ರೀ!"
ಒಂದು ಕಿವಿ, ಒಂದೇ ಒಂದು, ನನ್ನ ಕಡೆ ಹೊರಳಿತು ಇವತ್ತು.
ಮುಖ ಇನ್ನೂ ಏಡಿಗೇ.
ಕುಕ್ಕೆಯ ಸಂದಿಯಿಂದ ಒಣ ಶೆಟ್ಲಿಯೊಂದನ್ನು ತೂರಿಸಿದೆ,
ಆ ಕಿವಿಯ ಲೆಕ್ಕಕ್ಕೆ.

ಎರಡು ದಿನ ಎಂದದ್ದು ಏಳು ತಿಂಗಳಾಯಿತು.
ಕಾರ್ಮಿಣ ಬಾಯಿಯ ಹತ್ತು ಕೋಳಿ ಹತ್ತೇ ಇವೆ.
ಬಲೆಯೀಚೆ ನಡುಗುತ್ತ ನಿಂತಿರುತ್ತಾಳೆ ಮಧ್ಯಾಹ್ನವಿಡೀ;
ಕತ್ತಲಾದ ಮೇಲೆ ಟಾರ್ಚು ಹಿಡಿದು
ಗಂಟು ಗಂಟೂ ಮುಟ್ಟಿ ಬರುತ್ತೇನೆ ನಾನು.

ರಾತ್ರಿ, ಚಾಪೆಯ ಬದಿಗೆ ಮಲಗಿದವಳ
ನಾಲ್ಕೂ ಕಾಲು ಓಡತೊಡಗುತ್ತವೆ.
ತುಟಿ ಅದುರುತ್ತದೆ, ಗಂಟಲೊಳಗೇ ಒಂದು ಪುಟ್ಟ ಬೊಗಳು.
ಕದ್ರಾದ ಯಾವ ಹಂದಿಯೋ,
ಕಂದು ಪುಚ್ಚದ ಹೇಂಟೆಯೇ ಎದ್ದು ಬಂತೋ.
ಅಲ್ಲಿ ಹಗ್ಗವಿಲ್ಲ, ಉರುಲೂ ಇಲ್ಲ.
ನಾನು ನನ್ನ ಕಾಲು ಮಡಚಿಕೊಳ್ಳುತ್ತೇನೆ,
ಅಡ್ಡವಾಗದಿರಲೆಂದು.